ವನ್ಯಜೀವಿ ಸಪ್ತಾಹಕ್ಕೆ ಹಳೆಯ ‘ಗಂಧದ ಗುಡಿ’ ಹಾಕೋಣವಾ? ದಾವಣಗೆರೆ, ದುರ್ಗದವರು ಹೇಳಿ

ಮಂಡಕ್ಕಿಮಿರ್ಚಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ನಮ್ಮ ಕಾಲೇಜಿನಲ್ಲಿ ಒಂದು ಸಂಜೆ ಸಿನಿಮಾ ತೋರಿಸಿ, ಆಮೇಲೆ ಅರ್ಧ ಗಂಟೆ ಮಾತುಕತೆ ಇಟ್ಟುಕೊಳ್ಳೋಣ ಅಂತ ತೀರ್ಮಾನವಾಗಿದೆ. ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನಾನು 1973ರ ‘ಗಂಧದ ಗುಡಿ’ ಅಂದೆ. ಹುಡುಗರು 2022ರಲ್ಲಿ ಬಂದ ಅಪ್ಪು ಅವರ ‘ಗಂಧದ ಗುಡಿ’ಯೇ ಆಗಬೇಕು ಅಂತ ಹಟ ಹಿಡಿದಿದ್ದಾರೆ. ಅಣ್ಣಾವ್ರದ್ದು ಹಾಕಿದರೆ ಇಂಟರ್ವಲ್ಲಿಗೆ ಹಾಲ್ ಖಾಲಿ ಆಗುತ್ತೆ ಅನ್ನುವುದು ಅವರ ವಾದ.

ಅಮೋಘವರ್ಷ ಮಾಡಿದ ಆ ಸಾಕ್ಷ್ಯಚಿತ್ರದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಕಣ್ಣಿಗೆ ಹಬ್ಬ ಅದು. ಅಪ್ಪು ಹೋಗಿ ಒಂದು ವರ್ಷಕ್ಕೆ ಬಂತು, ನೋಡಿದವರೆಲ್ಲ ಕಣ್ಣು ಒರೆಸಿಕೊಂಡೇ ಹೊರಗೆ ಬಂದರು. ಆದರೆ ಅದರಲ್ಲಿ ಕಾಡು ನೋಡಿ ಬೆರಗಾಗುವುದಿದೆ, ಕಾಡಿಗಾಗಿ ಹೊಡೆದಾಡುವುದಿಲ್ಲ. ಹಳೆಯದರಲ್ಲಿ ಕಾಯುವವನು ಯಾರು, ಕದಿಯುವವನು ಯಾರು ಅನ್ನುವ ಪ್ರಶ್ನೆ ಮುಖಕ್ಕೆ ಹೊಡೆದ ಹಾಗಿದೆ. ಜಗಳ ಇದ್ದರೆ ತಾನೇ ಮಾತುಕತೆ ಹುಟ್ಟುವುದು?

ಎರಡು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಯಾವುದು ಹಾಕಲಿ? ಸಿನಿಮಾ ಮುಗಿದ ಮೇಲೆ ನಮ್ಮ ಕಡೆಯ ಕಾಡಿನ ಬಗ್ಗೆ ಏನು ಮಾತಾಡಿಸಲಿ? ಗೋಡೆ ಮೇಲೆ ಬರೆಯುವ ಘೋಷಣೆ ಬೇಡ. ಅದನ್ನು ಹುಡುಗರು ಒಂದನೇ ಕ್ಲಾಸಿನಿಂದ ಕೇಳಿದ್ದಾರೆ.

ಹಳೇಟಾಕೀಸ್, ದಾವಣಗೆರೆ

ಮೇಷ್ಟ್ರೇ, ಹಳೆಯದನ್ನೇ ಹಾಕಿ. ಹುಡುಗರಿಗೆ ಅದು ಬಂದ ಹೊತ್ತು ಯಾವುದು ಅಂತ ಮೊದಲು ಹೇಳಿ, ಆಮೇಲೆ ದೀಪ ಆರಿಸಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರ ಸೆಪ್ಟೆಂಬರಿನಲ್ಲಿ. ಹುಲಿ ಯೋಜನೆ ಶುರುವಾಗಿದ್ದು 1973ರ ಏಪ್ರಿಲ್ 1ಕ್ಕೆ. ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಮೈಸೂರು ರಾಜ್ಯ ಕರ್ನಾಟಕ ಅಂತ ಹೆಸರು ಬದಲಿಸಿಕೊಂಡದ್ದು ಅದೇ ವರ್ಷ ನವೆಂಬರ್ 1ಕ್ಕೆ. ಅದೇ 1973ರ ಸಿನಿಮಾ ಇದು. ಕಾಡು ನಮ್ಮದು, ನುಡಿ ನಮ್ಮದು, ಎರಡನ್ನೂ ಕಾಯಬೇಕು ಅನ್ನುವುದು ಆ ವರ್ಷದ ಗಾಳಿಯಲ್ಲೇ ಇತ್ತು. ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ ‘ನಾವಾಡುವ ನುಡಿಯೇ ಕನ್ನಡ ನುಡಿ’ ಇವತ್ತಿಗೂ ರಾಜ್ಯೋತ್ಸವದ ದಿನ ಆಟೋ ಸ್ಟ್ಯಾಂಡಿನಲ್ಲಿ ಕೇಳಿಸುತ್ತೆ. ಅದು ಕಾಡಿನ ಸಿನಿಮಾದ ಹಾಡು ಅಂತ ಎಷ್ಟೋ ಜನಕ್ಕೆ ಮರೆತೇ ಹೋಗಿದೆ.

ಇನ್ನೊಂದು ವಿಷಯ. ಅಲ್ಲಿಯವರೆಗೆ ಬಂದೂಕು ಹಿಡಿದು ಕಾಡಿಗೆ ಹೋಗುವುದು ದೊಡ್ಡಸ್ತಿಕೆ. ಶಿಕಾರಿಗೆ ಲೈಸೆನ್ಸ್ ಸಿಗುತ್ತಿತ್ತು. ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡು ಹಜಾರದಲ್ಲಿ ತೂಗುಹಾಕುತ್ತಿದ್ದರು. ಆ ಕಾಲದಲ್ಲಿ ನಾಡಿನ ಅತಿ ದೊಡ್ಡ ನಟನಿಗೆ, ಅದೂ ಅವರ 150ನೇ ಚಿತ್ರದಲ್ಲಿ, ಅರಣ್ಯ ಅಧಿಕಾರಿಯ ಖಾಕಿ ಹಾಕಿಸಿದರು. ಪೊಲೀಸ್ ಅಲ್ಲ, ಮಿಲಿಟರಿ ಅಲ್ಲ, ಫಾರೆಸ್ಟು. ಅದು ಸಣ್ಣ ಮಾತಲ್ಲ.

ನಿರ್ಮಾಪಕರು ಎಂ.ಪಿ. ಶಂಕರ್. ಮೈಸೂರಿನ ಪೈಲ್ವಾನರು. ನಮ್ಮ ದಾವಣಗೆರೆ ಗರಡಿಮನೆ ಮಂದಿಗೆ ಅವರ ಮೇಲೆ ಪ್ರೀತಿ ಜಾಸ್ತಿ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಕಾಡಿನ ಹುಚ್ಚು. ಕಾಡು, ಪ್ರಾಣಿ ಇಟ್ಟುಕೊಂಡು ಒಂದಲ್ಲ, ನಾಲ್ಕಾರು ಸಿನಿಮಾಗೆ ದುಡ್ಡು ಸುರಿದರು. ನಿರ್ದೇಶನ ವಿಜಯ್, ಸಂಗೀತ ರಾಜನ್–ನಾಗೇಂದ್ರ.

ದುರ್ಗದಕೋಟೆ, ಚಿತ್ರದುರ್ಗ

ದಾವಣಗೆರೆಯವರು ಗರಡಿಮನೆ ತಂದರು ಅಂದ ಮೇಲೆ ನಾವು ಸುಮ್ನಿರೋಕಾಗುತ್ತಾ? 1972ರ ಡಿಸೆಂಬರ್ ಕೊನೆಗೆ ‘ನಾಗರಹಾವು’ ಬಂತು. ಅದರ ಕಾದಂಬರಿ ಬರೆದ ತ.ರಾ.ಸು. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳಕಿನವರು, ಕೋಟೆ ನಮ್ಮದು, ರಾಮಾಚಾರಿ ಓಡಾಡಿದ ಬಂಡೆ ನಮ್ಮದು. ದುರ್ಗದ ಮೆಟ್ಟಿಲು ಇಳಿದ ವಿಷ್ಣುವರ್ಧನ್ ಮುಂದಿನ ವರ್ಷವೇ ‘ಗಂಧದ ಗುಡಿ’ಯಲ್ಲಿ ರಾಜ್ ಎದುರು ನಿಂತರು. ಕತೆಯಲ್ಲಿ ಕೊನೆಗೆ ಅಣ್ಣ–ತಮ್ಮ ಆಗುತ್ತಾರೆ. ಅವರಿಬ್ಬರು ಜೊತೆಯಾಗಿ ನಟಿಸಿದ ಸಿನಿಮಾ ಅದೊಂದೇ. ಅದೊಂದು ಕಾರಣಕ್ಕಾದರೂ ಹುಡುಗರು ಕೂತು ನೋಡುತ್ತಾರೆ ಬಿಡಿ.

ಇಲ್ಲಿ ಯಾರೂ ಫ್ಯಾನ್ ಜಗಳ ತೆಗೆಯಬೇಡಿ, ಕೈ ಮುಗಿಯುತ್ತೇನೆ. ಹಳೆಯ ಗಾಯ ಕೆರೆದು ಯಾರಿಗೂ ಏನೂ ಸಿಗಲ್ಲ.

ಬ್ಯಾಕ್‌ಬೆಂಚ್_ಬಾಯ್, ದಾವಣಗೆರೆ

ಸರ್, ನಾನೇ ಆ ಹಟ ಹಿಡಿದ ಹುಡುಗರಲ್ಲಿ ಒಬ್ಬ. ನೀವು ಪೋಸ್ಟ್ ಹಾಕಿದ್ದು ಕ್ಲಾಸಿನ ಗ್ರೂಪಿನಲ್ಲಿ ಬಂತು.

ಅಣ್ಣಾವ್ರ ಮೇಲೆ ಗೌರವ ಇದೆ. ಆದರೆ ಒಬ್ಬ ಆಫೀಸರ್ ಬಂದು ಹತ್ತು ಜನಕ್ಕೆ ಹೊಡೆದರೆ ಕಾಡು ಉಳಿಯುತ್ತೆ ಅನ್ನುವುದನ್ನು ಈಗ ನಂಬೋಕಾಗುತ್ತಾ? ಮರ ಕಡಿಯುವವನನ್ನು ಹಿಡಿದರೆ ಮುಗೀತಾ? ಅವನಿಗೆ ರಾತ್ರಿಗೆ ಇಷ್ಟು ಅಂತ ಕೂಲಿ. ಹಿಂದೆ ದುಡ್ಡು ಹಾಕಿದವನು ಎಲ್ಲೋ ಎ.ಸಿ. ರೂಮಿನಲ್ಲಿ ಇರುತ್ತಾನೆ. ನಮ್ಮ ವಯಸ್ಸಿನವರಿಗೆ ಇದು ಗೊತ್ತಿರುವ ವಿಷಯ. ಅದಕ್ಕೇ ಸುಮ್ನೆ ಚೆನ್ನಾಗಿ ಶೂಟ್ ಮಾಡಿದ ಕಾಡು ನೋಡೋಣ ಅಂದಿದ್ದು.

ಬಾದೆಹುಲ್ಲು, ಚಿತ್ರದುರ್ಗ

ನಮ್ಮಪ್ಪ ಜೋಗಿಮಟ್ಟಿ ಕಡೆ ಬೇಸಿಗೆಯಲ್ಲಿ ಫೈರ್ ವಾಚರ್ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆಯದೋ ಹೊಸದೋ, ಎರಡು ಸಿನಿಮಾದಲ್ಲೂ ಒಂದೇ ತೊಂದರೆ. ಅವು ತೋರಿಸುವುದು ಆನೆ ಓಡಾಡುವ, ಹೊಳೆ ಹರಿಯುವ ಹಸಿರು ಕಾಡನ್ನು. ನಮ್ಮ ಹುಡುಗರು ಅದನ್ನು ನೋಡಿ ಜೋಗಿಮಟ್ಟಿಗೆ ಏಪ್ರಿಲ್ ತಿಂಗಳಲ್ಲಿ ಬಂದರೆ ಏನನ್ನುತ್ತಾರೆ? “ಇದೇನು, ಒಣ ಗುಡ್ಡ” ಅನ್ನುತ್ತಾರೆ. ಅದು ಸುಮಾರು 100 ಚದರ ಕಿಲೋಮೀಟರಿನ ವನ್ಯಜೀವಿಧಾಮ. ಕರಡಿ, ಚಿರತೆ, ನವಿಲು ಎಲ್ಲಾ ಇದೆ. ಆದರೆ ದುರ್ಗದ ಮಂದಿಗೇ ಅದು ಭಾನುವಾರ ಬೆಳಿಗ್ಗೆ ವಾಕಿಂಗ್ ಹೋಗುವ ಜಾಗ, ಮಳೆಗಾಲದಲ್ಲಿ ಮಂಜಿನ ಜೊತೆ ಸೆಲ್ಫಿ ತೆಗೆಯುವ ಜಾಗ. ಕಾಡು ನೋಡಬೇಕು ಅಂದರೆ ಚಿಕ್ಕಮಗಳೂರಿಗೆ ಹೊರಡುತ್ತಾರೆ.

ಇಲ್ಲಿ ಕಳ್ಳ ಲಾರಿ ತರುವುದಕ್ಕಿಂತ ಜಾಸ್ತಿ ಹೆದರಿಕೆ ಬೆಂಕಿಯದ್ದು. ಮಳೆಗಾಲದಲ್ಲಿ ಬಾದೆ ಹುಲ್ಲು ಆಳೆತ್ತರ ಬೆಳೆಯುತ್ತೆ. ಜನವರಿ ಹೊತ್ತಿಗೆ ಒಣಗಿ ನಿಂತಿರುತ್ತೆ. ಒಂದು ಬೀಡಿ ಸಾಕು. ಕೆಲವರು ಹೊಸ ಚಿಗುರು ಬರಲಿ, ದನಕ್ಕೆ ಮೇವಾಗಲಿ ಅಂತ ಬೇಕಂತಲೇ ಹಚ್ಚುತ್ತಾರೆ. ನಮ್ಮ ಗಾಳಿ ಗೊತ್ತಲ್ಲ, ಸುಮ್ನೆ ಇಲ್ಲಿ ಗುಡ್ಡ ಗುಡ್ಡಕ್ಕೆ ವಿದ್ಯುತ್ತಿನ ಫ್ಯಾನು ನಿಲ್ಲಿಸಿಲ್ಲ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಏರುವ ವೇಗಕ್ಕೆ ಮನುಷ್ಯ ಓಡಲಾರ.

ಬೆಂಕಿ ಬಡಿಯುವುದೂ ಒಂದು ಕಸುಬೇ. ಹಸಿ ಕೊಂಬೆ ಮುರಿದುಕೊಳ್ಳಬೇಕು, ಆದರೆ ಕೈಗೆ ಸಿಕ್ಕಿದ್ದಲ್ಲ. ಬಂದರಿಕೆ ಗಿಡ ಹಸಿಯಾಗಿದ್ದರೂ ಹತ್ತಿಕೊಂಡು ಉರಿಯುತ್ತೆ. ಅದನ್ನು ಹಿಡಿದು ಹೋದ ಹೊಸಬರನ್ನು ಅಪ್ಪ ಬೈದು ವಾಪಸ್ ಕಳಿಸುತ್ತಿದ್ದರು. ಎಲೆ ದಟ್ಟವಾಗಿ, ರಸ ಇರುವ ಗಿಡದ ಕೊಂಬೆ ಬೇಕು. ಅದನ್ನು ಬಟ್ಟೆ ಒಗೆಯುವ ಹಾಗೆ ಎತ್ತಿ ಎತ್ತಿ ಬಡಿಯಬಾರದು. ಎತ್ತಿದರೆ ಕಿಡಿ ಹಾರಿ ಬೆನ್ನ ಹಿಂದೆ ಬೀಳುತ್ತೆ. ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಮತ್ತೆ ಒತ್ತಿ, ಎಳೆಯಬೇಕು. ಕಾಲು ಯಾವಾಗಲೂ ಸುಟ್ಟ ನೆಲದ ಮೇಲೇ ಇರಬೇಕು, ಹುಲ್ಲಿನ ಕಡೆ ಹೋಗಬಾರದು. ಗಾಳಿ ತಿರುಗಿದರೆ ಓಡುವುದಕ್ಕೆ ಆ ಕಪ್ಪು ನೆಲವೇ ದಾರಿ. ಈಗ ಕೆಲವು ಕಡೆ ಬೆನ್ನಿಗೆ ಹಾಕಿಕೊಳ್ಳುವ ಬ್ಲೋವರ್ ಬಂದಿದೆ, ತರಗೆಲೆ ಹಾರಿಸಿ ಬೆಂಕಿ ರೇಖೆ ಮಾಡಲು ಒಳ್ಳೆಯದು. ಆದರೆ ಬಂಡೆ ಸಂದಿಗೆ ಹೋಗಬೇಕಾದರೆ ಇನ್ನೂ ಕೊಂಬೆಯೇ.

ಸಿನಿಮಾ ಮುಗಿದ ಮೇಲೆ ಇದನ್ನು ಮಾತಾಡಿಸಿ ಸರ್. ನಮ್ಮಲ್ಲಿ ಕಾಡು ಕಾಯುವವನ ಕೈಯಲ್ಲಿ ಪಿಸ್ತೂಲು ಇರಲ್ಲ. ಕೊಂಬೆ, ಮಚ್ಚು, ಒಂದು ಬಾಟಲಿ ನೀರು. ಅವನು ಆಫೀಸರೂ ಅಲ್ಲ, ಮೂರು–ನಾಲ್ಕು ತಿಂಗಳ ಹಂಗಾಮಿ ಆಳು.

ಮಂಡಕ್ಕಿಮಿರ್ಚಿ, ದಾವಣಗೆರೆ

ಬಾದೆಹುಲ್ಲು ಮೇಡಂ, ಇದನ್ನೇ ನಾನು ಹುಡುಕುತ್ತಿದ್ದೆ. ನಿಮ್ಮ ತಂದೆಯವರು ಬಂದು ಮಾತಾಡುತ್ತಾರಾ? ಆಮೇಲೆ ಪ್ರತ್ಯೇಕ ಮೆಸೇಜ್ ಮಾಡುತ್ತೇನೆ.

ಜಗಳೂರ್_ಬಯಲು

“ನಮ್ಮಲ್ಲಿ ಕಾಡೆಲ್ಲಿದೆ” ಅನ್ನುವವರಿಗೆ ಇನ್ನೊಂದು. ದಾವಣಗೆರೆ ಜಿಲ್ಲೆಯಲ್ಲೇ, ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಇದೆ. 2011ರಲ್ಲಿ ಕೊಂಡುಕುರಿ ಅನ್ನುವ ಪುಟ್ಟ ಹುಲ್ಲೆಗಾಗಿಯೇ ವನ್ಯಜೀವಿಧಾಮ ಮಾಡಿದರು. 77 ಚದರ ಕಿಲೋಮೀಟರ್. ಕೊಂಡುಕುರಿ ಭಾರತ ಮತ್ತು ನೇಪಾಳ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಎತ್ತರ ಎರಡು ಅಡಿ ಚಿಲ್ಲರೆ. ಗಂಡಿಗೆ ನಾಲ್ಕು ಕೊಂಬು, ಹಿಂದಿನ ಜೋಡಿ ಉದ್ದ, ಹಣೆ ಮೇಲಿನ ಜೋಡಿ ಮೋಟು. ಕಾಡಿನ ಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಇದಕ್ಕೊಂದಕ್ಕೇ.

ಹಿಂಡು ಕಟ್ಟಿಕೊಂಡು ಓಡಾಡಲ್ಲ. ಒಂಟಿ, ಇಲ್ಲವೇ ಜೋಡಿ. ಕಣ್ಣಿಗೆ ಬೀಳುವುದು ಕಷ್ಟ, ಹಿಕ್ಕೆ ನೋಡಿ ಗುರುತು ಹಿಡಿಯಬೇಕು. ಪದೇ ಪದೇ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಅದಕ್ಕೆ. ಕುರುಚಲು ಕಾಡು, ಮಧ್ಯೆ ಹುಲ್ಲು, ಹತ್ತಿರದಲ್ಲೇ ನೀರು ಇರಬೇಕು. ಅಂದರೆ ನಾವು ಯಾವುದನ್ನು “ಪಾಳು ಬಿದ್ದ ಗುಡ್ಡ” ಅನ್ನುತ್ತೇವೋ ಅದೇ ಅದರ ಮನೆ. ಇಲ್ಲಿ ದಟ್ಟವಾಗಿ ಅಕೇಶಿಯಾ ನೀಲಗಿರಿ ಹಾಕಿ ‘ಹಸಿರು’ ಮಾಡಿದರೆ ಆ ಪ್ರಾಣಿಗೇ ಜಾಗ ಇರಲ್ಲ.

ಸಪ್ತಾಹದ ಪೋಸ್ಟರಿನಲ್ಲಿ ಎಲ್ಲರೂ ಹುಲಿ ಹಾಕುತ್ತಾರೆ. ಈ ಸಲ ಕೊಂಡುಕುರಿ ಹಾಕಿ ಸರ್.

ತೋಟದಮನೆ, ಹೊಳಲ್ಕೆರೆ

ಹೆಸರೇ ಗಂಧದ ಗುಡಿ. ಇಷ್ಟು ಜನ ಬರೆದರು, ಗಂಧದ ಮರದ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ನಾನು ಅಡಿಕೆ ತೋಟದ ಬದುವಿನಲ್ಲಿ ಗಂಧ ಬೆಳೆದವನು. ಹೇಳುತ್ತೇನೆ ಕೇಳಿ.

ಟಿಪ್ಪು ಕಾಲದಿಂದ ಗಂಧ ರಾಜಮರ. ಮಹಾರಾಜರು ಹೋದರು, ಸರ್ಕಾರ ಬಂತು, ಕಾನೂನು ಮಾತ್ರ ಹಾಗೇ ಉಳಿಯಿತು. ನಿಮ್ಮ ಹೊಲದ ಬೇಲಿಯಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದರೂ ಮರ ಸರ್ಕಾರದ್ದು. ಕಾಯುವ ಜವಾಬ್ದಾರಿ ನಿಮ್ಮದು. ಯಾರಾದರೂ ಕಡಿದುಕೊಂಡು ಹೋದರೆ ಮೊದಲು ವಿಚಾರಣೆ ನಿಮ್ಮನ್ನೇ. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ತಾನೇ ಜಮೀನಿನವನು ಮರದ ಒಡೆಯ ಆದದ್ದು.

ಅಲ್ಲಿಯವರೆಗೆ ರೈತ ಏನು ಮಾಡುತ್ತಿದ್ದ? ಗಂಧದ ಸಸಿ ಕಂಡರೆ ಚಿಗುರಿನಲ್ಲೇ ಕಿತ್ತು ಬಿಸಾಕುತ್ತಿದ್ದ. ನಮ್ಮಜ್ಜನೇ ಕಿತ್ತಿದ್ದಾರೆ. “ಮನೆಗೆ ಪೊಲೀಸರನ್ನು ಕರೆಯೋ ಗಿಡ” ಅನ್ನುತ್ತಿದ್ದರು. ಸಿನಿಮಾದಲ್ಲಿ ಗಂಧ ಮುಗಿಸುವವನು ಕಳ್ಳಸಾಗಣೆದಾರ. ನಿಜ, ಅವನೂ ಮುಗಿಸಿದ. ಆದರೆ ಲಕ್ಷಾಂತರ ಹೊಲಗಳಲ್ಲಿ ಹುಟ್ಟುತ್ತಲೇ ಸತ್ತ ಮರಗಳ ಲೆಕ್ಕ ಯಾರಿಟ್ಟರು? ಮಾಲೀಕನನ್ನೇ ಕಳ್ಳನ ಹಾಗೆ ನೋಡಿದರೆ ಅವನು ಯಾಕೆ ಕಾಯುತ್ತಾನೆ ಹೇಳಿ. ಇದು ನನ್ನ ಒಂದೇ ಮಾತು, ಇದನ್ನು ಹುಡುಗರಿಗೆ ಹೇಳಿ.

ಮರದ ಸ್ವಭಾವವೂ ವಿಚಿತ್ರ. ಒಂಟಿಯಾಗಿ ನೆಟ್ಟರೆ ಸೊರಗುತ್ತೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅಲ್ಲಿಂದ ನೀರು, ಸತ್ವ ಎಳೆದುಕೊಳ್ಳುತ್ತೆ. ಸಸಿ ಚಿಕ್ಕದಿರುವಾಗ ತೊಗರಿ, ಆಮೇಲೆ ಹೊಂಗೆ, ಸರ್ವೆ ಇಂಥದ್ದನ್ನು ಪಕ್ಕದಲ್ಲಿ ಹಾಕಬೇಕು. ಚೇಗು, ಅಂದರೆ ಒಳಗಿನ ವಾಸನೆಯ ಗಟ್ಟಿ ಮರ, ಕೂಡಿಕೊಳ್ಳಲು ಶುರುವಾಗುವುದೇ ಹತ್ತು–ಹದಿನೈದು ವರ್ಷಕ್ಕೆ. ಒಳ್ಳೆಯ ಎಣ್ಣೆ ಬೇಕು ಅಂದರೆ ಮೂವತ್ತು ವರ್ಷ ಕಾಯಬೇಕು. ಮೇಲಿನ ಬಿಳಿ ಮರಕ್ಕೆ ವಾಸನೆ ಇಲ್ಲ, ಬೆಲೆ ಇಲ್ಲ. ಎಣ್ಣೆ ಜಾಸ್ತಿ ಇರುವುದು ಬುಡ, ಬೇರಿನಲ್ಲಿ. ಅದಕ್ಕೇ ಸರಿಯಾಗಿ ತೆಗೆಯುವವರು ಕಡಿಯುವುದಿಲ್ಲ, ಬುಡ ಸಮೇತ ಅಗೆದು ಕೀಳುತ್ತಾರೆ.

ಕಳ್ಳನಿಗೆ ಅಷ್ಟು ಪುರುಸೊತ್ತಿಲ್ಲ. ಮೊದಲು ಬಂದು ಕಾಂಡಕ್ಕೆ ತೂತು ಕೊರೆದು ಚೇಗು ಇದೆಯಾ ನೋಡಿಕೊಂಡು ಹೋಗುತ್ತಾನೆ. ನನ್ನ ತೋಟದಲ್ಲಿ ಒಂದು ಬೆಳಿಗ್ಗೆ ಬೆರಳು ತೂರುವಷ್ಟು ತೂತು, ಕೆಳಗೆ ಒಂದು ಹಿಡಿ ಪುಡಿ. ಮೂಗಿಗೆ ಹಿಡಿದೆ, ಗಂಧ. ಅವತ್ತೇ ಗೊತ್ತಾಯಿತು ಇದಕ್ಕೆ ಇನ್ನು ಜಾಸ್ತಿ ದಿನ ಇಲ್ಲ ಅಂತ. ಹೋಗಿ ಹೇಳಿಕೊಂಡೆ. “ಕಡಿದ ಮೇಲೆ ಬನ್ನಿ, ದೂರು ತಗೋತೀವಿ” ಅಂದರು. ಕಡಿದುಕೊಂಡು ಹೋದರು. ಎದೆಯೆತ್ತರಕ್ಕೆ ಕೈಗರಗಸದಲ್ಲಿ ಕೊಯ್ದು, ಬೆಲೆ ಬಾಳುವ ಬುಡವನ್ನು ಅಲ್ಲೇ ಬಿಟ್ಟಿದ್ದರು.

ಕಾನೂನು_ಕಟ್ಟೆ, ದಾವಣಗೆರೆ

ತೋಟದಮನೆ ಯಜಮಾನರ ಮಾತಿಗೆ ಒಂದು ಸೇರಿಸುತ್ತೇನೆ. ಒಡೆತನ ಬಂತು ಅಂದ ಮಾತ್ರಕ್ಕೆ ಮಾರುಕಟ್ಟೆ ಪೂರ್ತಿ ತೆರೆಯಲಿಲ್ಲ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ರೈತ ನೆಟ್ಟ ಗಂಧಕ್ಕೆ ತುಂಬಾ ಕಾಲ ಸರ್ಕಾರಿ ಸಂಸ್ಥೆಗಳೇ ಗಿರಾಕಿಗಳು. ಗಿಡ ಹಾಕಿದ ದಿನವೇ ಪಹಣಿಯಲ್ಲಿ ಬರೆಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೂವತ್ತು ವರ್ಷ ಆದ ಮೇಲೆ ಇದು ನನ್ನದು ಅಂತ ಸಾಬೀತು ಮಾಡುವುದು ಮರ ಬೆಳೆಸಿದ್ದಕ್ಕಿಂತ ಕಷ್ಟ.

ಹಾಗಂತ ಹಳೆಯ ಕಾನೂನನ್ನು ಪೂರ್ತಿ ಬೈಯಲು ನಾನು ತಯಾರಿಲ್ಲ. ಆ ಬಿಗಿ ಇಲ್ಲದೆ ಹೋಗಿದ್ದರೆ ಇದ್ದಬದ್ದ ಗಂಧವೂ ಐವತ್ತು ವರ್ಷ ಮೊದಲೇ ಸೋಪು, ಅತ್ತರು ಆಗಿಬಿಡುತ್ತಿತ್ತು.

ತೋಟದಮನೆ, ಹೊಳಲ್ಕೆರೆ

ಸ್ವಾಮಿ, ಬಿಗಿ ಇದ್ದೂ ಆಯಿತಲ್ಲ.

ಹಳೇಟಾಕೀಸ್, ದಾವಣಗೆರೆ

ತೋಟದಮನೆಯವರೇ, ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ಎಲ್ಲಾ ತಪ್ಪನ್ನೂ ಕಾನೂನಿನ ತಲೆಗೆ ಕಟ್ಟಬೇಡಿ. ಸ್ಪೈಕ್ ರೋಗ ಇತ್ತಲ್ಲ? 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡದ್ದು. ಎಲೆ ಸಣ್ಣದಾಗಿ, ಕೊಂಬೆ ತುದಿಯಲ್ಲಿ ಮುಳ್ಳಿನ ಹಾಗೆ ಗುಂಪುಗೂಡಿ, ಎರಡು–ಮೂರು ವರ್ಷದಲ್ಲಿ ಮರವೇ ಸಾಯುತ್ತೆ. ಕಳ್ಳ ಇಲ್ಲದೆಯೂ ಲಕ್ಷಗಟ್ಟಲೆ ಗಂಧ ಹಾಗೆ ಹೋಯಿತು. ಎರಡೂವರೆ ಗಂಟೆ ಸಿನಿಮಾದಲ್ಲಿ ಇದನ್ನೆಲ್ಲ ಹೇಳಲು ಆಗುತ್ತಾ? ಸಿನಿಮಾಗೆ ಒಬ್ಬ ಖಳನಾಯಕ ಬೇಕು. ರೋಗಕ್ಕೆ ರಾಜ್‌ಕುಮಾರ್ ಗುದ್ದಿದರೆ ಯಾರು ಶಿಳ್ಳೆ ಹೊಡೆಯುತ್ತಾರೆ?

ಆ ಹುಡುಗ ಕೇಳಿದನಲ್ಲ, ಒಬ್ಬ ಆಫೀಸರ್ ಬಂದರೆ ಕಾಡು ಉಳಿಯುತ್ತಾ ಅಂತ. ಮಗು, ನಿನಗೆ ಪಿ. ಶ್ರೀನಿವಾಸ್ ಗೊತ್ತಾ? ಐ.ಎಫ್.ಎಸ್., ಅಂದರೆ ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ವೀರಪ್ಪನ್‌ನ ಹುಟ್ಟೂರು ಗೋಪಿನಾಥಂಗೇ ಹೋಗಿ ಕೂತರು. ಗುಂಡು ಹಾರಿಸುತ್ತಾ ಹೋಗಲಿಲ್ಲ. ಊರಿನವರಿಗೆ ಔಷಧಿಯ ವ್ಯವಸ್ಥೆ ಮಾಡಿದರು, ಮಾರಮ್ಮನ ಗುಡಿ ಕಟ್ಟಿಸಿಕೊಟ್ಟರು. ಕಾಡುಗಳ್ಳನ ಜೊತೆ ಇದ್ದ ಎಷ್ಟೋ ಜನರನ್ನು ಮಾತಾಡಿಸಿ ಈಚೆಗೆ ತಂದರು. ಅವನೂ ಶರಣಾಗುತ್ತಾನೆ ಅಂತ ಸುದ್ದಿ ಬಂದಾಗ ನಂಬಿ ಬರಿಗೈಯಲ್ಲಿ ಹೋದರು. 1991ರ ನವೆಂಬರ್ 10. ಅವನು ಅವರನ್ನು ಕೊಂದ. ಸತ್ತ ಮೇಲೆ ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂ ಜನ ಇವತ್ತಿಗೂ ಅವರ ಫೋಟೋಗೆ ಹೂ ಹಾಕುತ್ತಾರೆ.

ಸಿನಿಮಾದ ಆಫೀಸರ್ ಕೊನೆಗೆ ಗೆಲ್ಲುತ್ತಾನೆ. ಇವರು ಗೆಲ್ಲಲಿಲ್ಲ. ಆದರೆ ಊರಿನವರನ್ನು ಗೆದ್ದರು. ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ ಅನ್ನಿಸುತ್ತೆ ನನಗೆ.

ದುರ್ಗದಕೋಟೆ, ಚಿತ್ರದುರ್ಗ

ಶ್ರೀನಿವಾಸ್ ಹೆಸರು ತೆಗೆದಿರಲ್ಲ, ಮೈ ಜುಮ್ ಅಂತು. 2000ದ ಜುಲೈ 30ಕ್ಕೆ ಅದೇ ವೀರಪ್ಪನ್ ಗಾಜನೂರಿಗೆ ಬಂದು ಅಣ್ಣಾವ್ರನ್ನೇ ಎತ್ತಿಕೊಂಡು ಹೋದ. 108 ದಿನ. ನಾವೆಲ್ಲ ರೇಡಿಯೋ ಮುಂದೆ ಕೂತಿದ್ದೆವು, ಇಲ್ಲಿ ಶಾಲೆ, ಅಂಗಡಿ ಎಲ್ಲಾ ಬಂದ್. ತೆರೆ ಮೇಲೆ ಕಾಡು ಕಾದವರನ್ನು ಕಾಡುಗಳ್ಳ ಹಿಡಿದಿಟ್ಟುಕೊಂಡ ಅಂತ ಪತ್ರಿಕೆಗಳೆಲ್ಲ ಬರೆದವು. ಆ ಮಾತನ್ನು ಎಷ್ಟು ಸಲ ಓದಿದೆವೋ. ನನಗೆ ಈಗ ಅನ್ನಿಸುವುದು ಬೇರೆ. ಅಷ್ಟು ದೊಡ್ಡ ನಟನಿಗಾಗಿ ಎರಡು ರಾಜ್ಯ ನಿದ್ದೆಗೆಟ್ಟವು, ಸರಿಯೇ. ಅದೇ ಕಾಡಿನಲ್ಲಿ ಅದಕ್ಕೂ ಮೊದಲು ಸತ್ತ ಗಾರ್ಡು, ವಾಚರ್, ಪೊಲೀಸರ ಹೆಸರು ನಮ್ಮಲ್ಲಿ ಯಾರಿಗೆ ಬಾಯಿಗೆ ಬರುತ್ತೆ?

ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ ಅಂತ ಇದೆ. 1730ರಲ್ಲಿ ರಾಜಸ್ಥಾನದ ಖೇಜರ್ಲಿಯಲ್ಲಿ ಬನ್ನಿ ಮರ ಕಡಿಯಬೇಡಿ ಅಂತ ಅಪ್ಪಿಕೊಂಡು 363 ಬಿಷ್ಣೋಯಿಗಳು ಪ್ರಾಣ ಕೊಟ್ಟ ದಿನ ಅದು. ಮೇಷ್ಟ್ರೇ, ಮುಂದಿನ ವರ್ಷ ಆ ದಿನಕ್ಕೂ ಏನಾದರೂ ಮಾಡಿ.

ಸೀತಾಫಲ, ಹೊಸದುರ್ಗ

ಎಲ್ಲರೂ ಫಾರೆಸ್ಟಿನವರನ್ನು ಹೊಗಳುತ್ತಿದ್ದೀರಿ. ಹೊಗಳಿ, ಬೇಡ ಅನ್ನಲ್ಲ. ಗುಡ್ಡದ ಬುಡದ ಹಳ್ಳಿಯವಳು ನಾನು, ನನ್ನದೂ ಒಂದು ಕೇಳಿ.

ನಾವು ಚಿಕ್ಕವರಿದ್ದಾಗ ಜೀಪಿನ ಸದ್ದು ಕೇಳಿದರೆ ತಲೆ ಮೇಲಿನ ಸೌದೆ ಹೊರೆ ಅಲ್ಲೇ ಎಸೆದು ಓಡುತ್ತಿದ್ದೆವು. ಒಣ ಪುಳ್ಳೆ ಅಷ್ಟೇ, ಹಸಿ ಮರ ಅಲ್ಲ. ಕುಡುಗೋಲು ಕಿತ್ತುಕೊಂಡರೆ ಮನೆಯಲ್ಲಿ ಬೈಗುಳ, ಯಾಕಂದರೆ ಇನ್ನೊಂದು ತರಲು ದುಡ್ಡಿಲ್ಲ. ಟೆಂಟಿನಲ್ಲಿ ಆ ಸಿನಿಮಾ ಬಂದಾಗ ಎಲ್ಲರ ಜೊತೆ ನಾನೂ ರಾಜ್‌ಕುಮಾರ್‌ಗೆ ಚಪ್ಪಾಳೆ ತಟ್ಟಿದೆ. ಬೆಳಿಗ್ಗೆ ಎದ್ದು ಮತ್ತೆ ಸೌದೆಗೆ ಹೊರಟು, ಮತ್ತೆ ಜೀಪು ಕಂಡು ಓಡಿದೆ. ಅದೂ ಇದೂ ಒಂದೇ ಬಟ್ಟೆ ಅಂತ ಆಗ ಹೊಳೆಯಲೇ ಇಲ್ಲ!

ಅದೇ ಗುಡ್ಡದಲ್ಲಿ ಸೀತಾಫಲ ಕಿತ್ತು ಬುಟ್ಟಿಯಲ್ಲಿ ಇಟ್ಟು ಬಸ್ ಸ್ಟ್ಯಾಂಡಿನಲ್ಲಿ ಮಾರಿ ನಮ್ಮವ್ವ ಫೀಸು ಕಟ್ಟಿದಳು. ಹಣ್ಣು ಸಿಗುವ ಗುಡ್ಡಕ್ಕೆ ನಮ್ಮೂರಿನವರು ಯಾರೂ ಬೆಂಕಿ ಹಚ್ಚುತ್ತಿರಲಿಲ್ಲ. ಹಚ್ಚಿದವನನ್ನು ಹೆಂಗಸರೇ ಸೇರಿ ಬಿಡುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಸೌದೆಯ ಕಾಟ ಕಡಿಮೆ ಆಯಿತು. ಈಗ ಗುಡ್ಡಕ್ಕೆ ಬರುವುದು ಗಣಿ ಲಾರಿ. ಅದಕ್ಕೆ ಕಾಗದ ಪತ್ರ ಎಲ್ಲಾ ಸರಿಯಾಗಿರುತ್ತೆ, ಅದು ಬಂದರೆ ಯಾರೂ ಓಡಬೇಕಿಲ್ಲ.

ಬ್ಯಾಕ್‌ಬೆಂಚ್_ಬಾಯ್, ದಾವಣಗೆರೆ

ಅಕ್ಕಾ, ಇದನ್ನು ನೀವೇ ಬಂದು ಹೇಳಬೇಕು. ನಮ್ಮ ಕಾಲೇಜಿನಲ್ಲಿ ಇಂಥ ಮಾತು ಯಾರೂ ಹೇಳಿಲ್ಲ.

ಸರ್, ಸರಿ, ಹಳೆಯದೇ ಹಾಕಿ. ಒಂದು ಷರತ್ತು. ಸಿನಿಮಾ ಮೊದಲು, ಉದ್ಘಾಟನಾ ಭಾಷಣ ಆಮೇಲೆ. ಭಾಷಣ ಮೊದಲಿಟ್ಟರೆ ದೀಪ ಆರುವ ಹೊತ್ತಿಗೇ ಅರ್ಧ ಜನ ಕ್ಯಾಂಟೀನಿನಲ್ಲಿ ಇರುತ್ತಾರೆ.

ಕಾನೂನು_ಕಟ್ಟೆ, ದಾವಣಗೆರೆ

ಹಾಲಿನಲ್ಲಿ ಸಾರ್ವಜನಿಕವಾಗಿ ಹಾಕುವುದಾದರೆ ಹಕ್ಕು ಯಾರ ಹತ್ತಿರ ಇದೆ ನೋಡಿ, ಮೊದಲೇ ಒಂದು ಪತ್ರ ಬರೆದು ಅನುಮತಿ ತೆಗೆದುಕೊಳ್ಳಿ. ಯೂಟ್ಯೂಬ್ ಹಚ್ಚಿ ಪ್ರೊಜೆಕ್ಟರಿಗೆ ಸಿಕ್ಕಿಸಿಬಿಡಬೇಡಿ. ನಡುವೆ ಜಾಹೀರಾತು ಬಂದು ಮರ್ಯಾದೆಯೂ ಹೋಗುತ್ತೆ.

ಜಗಳೂರ್_ಬಯಲು

ಒಂದು ಕಿವಿಮಾತು. ಕೊನೆಗೆ ಗಣ್ಯರ ಕೈಯಲ್ಲಿ ಗಂಧದ ಸಸಿ ನೆಡಿಸುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಸಿಮೆಂಟ್ ಕಟ್ಟೆ ಕಟ್ಟಿ ಒಂಟಿ ಗಂಧ ನೆಟ್ಟು, ಬೋರ್ಡ್ ಹಾಕಿ, ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ನೆಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ತೋಟದಮನೆ, ಹೊಳಲ್ಕೆರೆ

ನೆಡಲೇಬೇಕು ಅಂತಿದ್ದರೆ ಜೊತೆಗೆ ತೊಗರಿ ಬಿತ್ತಿ. ಸಸಿ ನಾನು ಕೊಡುತ್ತೇನೆ, ದುಡ್ಡು ಬೇಡ. ಕಾಯುವ ಕೆಲಸ ಮಾತ್ರ ನಿಮ್ಮದು. ನಾನು ಸೋತಿದ್ದೇನೆ.

ಮಂಡಕ್ಕಿಮಿರ್ಚಿ, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಸದ್ಯಕ್ಕೆ ಇಷ್ಟು ಗೊತ್ತಾಗಿದೆ. 1973ರದ್ದನ್ನೇ ಪೂರ್ತಿ ತೋರಿಸುತ್ತೇವೆ, ಕತ್ತರಿ ಹಾಕಲ್ಲ. ಭಾಷಣ ಇಲ್ಲ, ಸಸಿ ನೆಡುವುದೂ ಇಲ್ಲ. ಆಮೇಲೆ ವೇದಿಕೆ ಮೇಲೆ ಅಧಿಕಾರಿಗಳನ್ನು ಕೂರಿಸುವ ಬದಲು ಮೂವರನ್ನು ಕರೆಯುತ್ತೇವೆ: ಬೆಂಕಿ ಬಡಿದವರು, ಗಂಧ ಬೆಳೆದವರು, ಸೌದೆ ಹೊತ್ತವರು. ಪೋಸ್ಟರಿನಲ್ಲಿ ಕೊಂಡುಕುರಿ. ಮುಂದಿನ ಭಾನುವಾರ ಹುಡುಗರನ್ನು ಕರೆದುಕೊಂಡು ರಂಗಯ್ಯನದುರ್ಗಕ್ಕೆ ಹೋಗಲು ಇಲಾಖೆಗೆ ಪತ್ರ ಕೊಡುತ್ತೇನೆ. 1997ರವರೆಗೆ ನಾವೆಲ್ಲ ಒಂದೇ ಜಿಲ್ಲೆಯವರು, ದುರ್ಗದಿಂದ ಬರುವವರಿಗೆ ಬಸ್ ಚಾರ್ಜು ನಮ್ಮ ಸಂಘದ್ದು.

ಬಾದೆಹುಲ್ಲು ಮೇಡಂ, ನಿಮ್ಮ ಉತ್ತರ ಒಂದು ಬಾಕಿ ಇದೆ.

ಬಾದೆಹುಲ್ಲು, ಚಿತ್ರದುರ್ಗ

ಅಪ್ಪನನ್ನು ಕೇಳಿದೆ ಸರ್. ಬರುತ್ತಾರಂತೆ. ಆದರೆ ಮೈಕ್ ಕೊಟ್ಟು “ನಿಮ್ಮ ಅನುಭವ ಹೇಳಿ” ಅಂದರೆ ಒಂದು ನಮಸ್ಕಾರ ಹಾಕಿ ಕೂತುಬಿಡುತ್ತಾರೆ. ಹುಡುಗರು ಪ್ರಶ್ನೆ ಕೇಳಬೇಕು. ಯಾವ ಗಿಡದ ಕೊಂಬೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಎಲ್ಲಿ ನಿಲ್ಲಬೇಕು, ಕರಡಿ ಎದುರು ಬಂದರೆ ಏನು ಮಾಡಿದಿರಿ, ಇಂಥದ್ದು ಕೇಳಿದರೆ ನಿಲ್ಲಿಸುವುದೇ ಕಷ್ಟ. ಸಂಬಳ ಎಷ್ಟು ತಿಂಗಳಿಗೆ ಒಂದು ಸಲ ಬರುತ್ತಿತ್ತು ಅಂತಲೂ ಕೇಳಿ. ಅದಕ್ಕೂ ಉತ್ತರ ಇದೆ ಅವರ ಹತ್ತಿರ.